ಕರ್ಚೀಫಿನ ದಿಗ್ವಿಜಯ

ನಮ್ಮ ಶಾಲೆಯ ಇತಿಹಾಸದ ಮಾಸ್ತರರಿಗೆ ಮಂಗೋಲರೆಂದರೆ ಪ್ರಾಣ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿಗೆ ಕಾಯುವಷ್ಟು ಹೊತ್ತೂ ನನಗೆ ಅದೇ ಪುರಾಣ. ಓಡುವ ಕುದುರೆಯ ಮೇಲಿಂದಲೇ ಹಿಂತಿರುಗಿ ಬಾಣ ಬಿಡುತ್ತಿದ್ದರಂತೆ, ಸೋತು ಓಡಿದಂತೆ ನಟಿಸಿ ಶತ್ರುವನ್ನು ಬಲೆಗೆ ಕೆಡವುತ್ತಿದ್ದರಂತೆ. ಶರಣಾಗದ ಊರುಗಳ ಗತಿ ಹೇಳುವಾಗಲಂತೂ ಅವರ ಮುಖ ಹೋಳಿಗೆ ಬಡಿಸುವವನನ್ನು ಕಂಡಂತೆ ಅರಳುತ್ತಿತ್ತು. ಊರಿಗೆ ಊರೇ ಸುಟ್ಟದ್ದನ್ನು ಹೀಗೆ ಚಪ್ಪರಿಸುವ ಈ ಮನುಷ್ಯ ಹೆಡ್‌ಮಾಸ್ತರರು ಕೆಮ್ಮಿದರೆ ಎದ್ದು ನಿಲ್ಲುವವರು.

“ಹೆದರಿಕೆ ಮುಂದೆ ಹೋಗ್ಬೇಕು, ಸೈನ್ಯ ಹಿಂದಿಂದ ಬಂದ್ರೆ ಆತು,” ಎನ್ನುತ್ತಲೇ ಒಂದು ಸಂಜೆ ಅವರು, ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿದರು. ನಾವು ನೂಕಾಡಿ ಹತ್ತುವಷ್ಟರಲ್ಲಿ ಮೀನು ಮಾರಿ ಮನೆಗೆ ಹೊರಟ ಹೆಂಗಸೊಬ್ಬರು ಖಾಲಿ ಬುಟ್ಟಿಯನ್ನು ಕಾಲಬುಡದಲ್ಲಿಟ್ಟು ಅದೇ ಸೀಟಿನಲ್ಲಿ ಕೂತಿದ್ದರು.

“ಇದು ನಿಮ್ದಾ ಮಾಸ್ತರೇ? ತಕಳ್ಳಿ,” ಎಂದು ಕರ್ಚೀಫನ್ನು ಅವರ ಕೈಗೆ ಕೊಟ್ಟರು.

ಮಾಸ್ತರರು ಹೊನ್ನಾವರದವರೆಗೂ ಸರಳು ಹಿಡಿದು ಜೋತಾಡಿದರು. ಮಂಗೋಲರ ಸುದ್ದಿ ಬರಲಿಲ್ಲ. ಇಳಿಯುವಾಗ ನಾನೇ ಕೇಳಿದೆ:

“ಅಷ್ಟೆಲ್ಲ ಗೆದ್ರಲ್ಲ, ಕಡೆಗೆ ಎಂತ ಉಳೀತು ಅವ್ರಿಗೆ?”

ಮಾಸ್ತರರು ಕರ್ಚೀಫನ್ನು ಮಡಚಿ ಕಿಸೆಗೆ ಹಾಕಿಕೊಂಡರು.