ಗಂಗವ್ವನವರ ಎಡಗೈ

೧೯೨೬ರಲ್ಲಿ ನನ್ನ ಯಜಮಾನರು ಬೆಳಗಾವಿಯ ಒಂದು ಧರ್ಮಾಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ನಮ್ಮ ಮನೆ ಅನಗೋಳದಲ್ಲಿ. ಲಕ್ವಾ ಹೊಡೆದ ವಯಸ್ಸಾದವರನ್ನು ಮತ್ತೆ ನಡೆಸುವುದು ಹೇಗೆ ಎಂಬುದು ಅವರ ಸಂಶೋಧನೆ. ಆಗ ಅಂಥವರನ್ನು ಮಲಗಿಸಿಬಿಡುವುದೇ ರೂಢಿ. ಇವರು ಎಲ್ಲರಿಗೂ ಒಂದೇ ಕ್ರಮ ಇಟ್ಟಿದ್ದರು: ಮೊದಲು ಕಾಲು, ಕೈ ಆಮೇಲೆ. ಎಷ್ಟನೆಯ ದಿನ ನಿಂತರು, ಎಷ್ಟು ಹೆಜ್ಜೆ ಹಾಕಿದರು ಎಂದು ವಹಿಯಲ್ಲಿ ಬರೆಯುತ್ತಿದ್ದರು. ಹೆಂಗಸರ ಮೈ ಮುಟ್ಟುವ ಕೆಲಸ ನನ್ನದು. ಅವರು ತೋರಿಸಿದಂತೆ ತಿಕ್ಕುತ್ತಿದ್ದೆ, ಬಗ್ಗಿಸುತ್ತಿದ್ದೆ. ಆ ವರ್ಷ ನನ್ನ ತಾಯಿ ತೀರಿಕೊಂಡಿದ್ದರು. ಅಳು ಬರುತ್ತಿರಲಿಲ್ಲ, ಹಸಿವೂ ತಿಳಿಯುತ್ತಿರಲಿಲ್ಲ. ಕೈಗೆ ಕೆಲಸವಿತ್ತು, ಅದೊಂದು ದೇವರ ದಯೆ.

ದೀಪಾವಳಿ ಮುಗಿದ ಮೇಲೆ ಖಾನಾಪುರದ ಒಬ್ಬ ಬಟ್ಟೆ ವ್ಯಾಪಾರಿ ತಮ್ಮ ತಾಯಿಗಾಗಿ ಕರೆಕಳಿಸಿದರು. ವಾರಕ್ಕೆ ಎರಡು ಸಲ ರೈಲಿನಲ್ಲಿ ಹೋಗುತ್ತಿದ್ದೆವು. ಗಂಗವ್ವನವರಿಗೆ ಎಪ್ಪತ್ತು ದಾಟಿತ್ತು. ಎಡಭಾಗ ಪೂರ್ತಿ ಸೋತಿತ್ತು, ಮಾತು ಉಳಿದಿತ್ತು. ಅದೂ ದಯೆಯೇ.

ಆದರೆ ಅವರು ಕಾಲು ಎತ್ತಲೊಲ್ಲರು. “ಎದ್ದು ಎಲ್ಲಿಗೆ ಹೋಗ್ಲಿ? ಸಂತಿಗೇನು?” ಎನ್ನುತ್ತಿದ್ದರು. ಯಜಮಾನರು ವಹಿಯಲ್ಲಿ ‘ಸಹಕರಿಸುವುದಿಲ್ಲ’ ಎಂದು ಬರೆದರು. ಮೂರು ವಾರದಲ್ಲಿ ಗಂಗವ್ವನವರ ಮೈ ಇಳಿದುಹೋಯಿತು. “ಉಣ್ರಿ ಅಂದ್ರ ಬಾಯಿ ಮುಚ್ಚತಾರ್ರಿ. ದಿನಕ್ಕ ಎರಡ ಗುಟುಕ ಹಾಲು, ಅಷ್ಟ,” ಎಂದಳು ಸೊಸೆ ನೀಲವ್ವ. ಹೀಗೇ ಆದರೆ ಸಂಕ್ರಾಂತಿ ಕಾಣುವುದಿಲ್ಲ ಎಂದು ಯಜಮಾನರು ನನಗೆ ಹೇಳಿದರು.

ಅಂದು ಕಾಲು ತಿಕ್ಕುತ್ತ ಕೇಳಿದೆ: “ಯಾಕ ಉಣ್ಣೂದಿಲ್ರಿ ಅಮ್ಮಾರ?”

ಅವರು ಮುಷ್ಟಿಗಟ್ಟಿದ ಎಡಗೈ ನೋಡಿದರು. “ಪೂಜಿ ಆಗಲಾರದ ಹ್ಯಾಂಗ ಉಣ್ಣಲೆವ್ವಾ? ಲಿಂಗ ಎಲ್ಲೆ ಇಟ್ಕೊಳ್ಳಲಿ?”

“ಎದಿ ಮ್ಯಾಲ ಇದ್ದಂಗ ಲಿಂಗಕ್ಕ ವಿಭೂತಿ ಹಚ್ಚಿದ್ರ ನಡೀತೈತಿ ಅಂದಾರ್ರಿ ಸ್ವಾಮಿಗಳು,” ಎಂದಳು ನೀಲವ್ವ.

“ಅವ್ರಿಗೆ ನಡೀತೈತಿ. ಅವ್ರ ಕೈ ನೆಟ್ಟಗ ಅದಾವಲ್ಲ.”

ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ನಮ್ಮ ಲಿಂಗಾಯತರಲ್ಲಿ ಊಟ. ಅಂದು ಬೆಳಿಗ್ಗೆ ನಾವಿಬ್ಬರೂ ಹಾಗೆಯೇ ಪೂಜೆ ಮುಗಿಸಿ ರೈಲು ಹತ್ತಿದ್ದೆವು. ಆದರೂ ನಮಗೆ ಹೊಳೆದಿರಲಿಲ್ಲ.

ಪಡಸಾಲೆಯಲ್ಲಿ ಯಜಮಾನರಿಗೆ ಹೇಳಿದೆ, ಮೊದಲು ಕೈ ನೋಡೋಣ ಎಂದೆ.

“ಕ್ರಮ ಬದಲಿಸಿದ್ರ ಈ ಕೇಸ್ ನನ್ನ ಅಭ್ಯಾಸದಾಗ ಬರೂದಿಲ್ಲ,” ಎಂದರು.

“ಸತ್ತರ ಬರ್ತಾರೇನ್ರಿ?”

ಅವರು ವಹಿ ತೆಗೆದು ಗಂಗವ್ವನವರ ಪುಟಕ್ಕೆ ಅಡ್ಡಗೆರೆ ಎಳೆದು ಲೆಕ್ಕದಿಂದ ತೆಗೆದರು.

ಬಿಸಿನೀರು, ಎಣ್ಣೆ, ಒಂದೊಂದೇ ಬೆರಳು ಬಿಡಿಸುವುದು, ಮತ್ತೆ ಮುದುಡದಂತೆ ಸ್ಪ್ಲಿಂಟ್, ಅಂದರೆ ತೆಳು ಹಲಗೆ, ಕಟ್ಟುವುದು, ಅಂಗೈ ಮೇಲ್ಮುಖ ತಿರುಗಿಸುವುದು. ನಾವು ಬಾರದ ದಿನ ನೀಲವ್ವ ಮಾಡುತ್ತಿದ್ದಳು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಸೊಸೆಯ ಕೈ, ಅದರ ಮೇಲೆ ಅತ್ತೆಯ ಕೈ. ಲಿಂಗ ಇಡುವ ಮೊದಲು ನಿಂಬೆಹಣ್ಣು ಇಟ್ಟು ನೋಡಿದೆವು. ಉರುಳಿ ಬಿತ್ತು.

“ನಿಂಬಿಹಣ್ಣು ಬಿದ್ರ ಪಾಪಿಲ್ಲ. ಇನ್ನೊಮ್ಮೆ ಇಡವಾ,” ಎಂದರು ಗಂಗವ್ವನವರು. ಅಂದಿನಿಂದ ಹಾಲಿಗೆ ಒಂದಿಷ್ಟು ಗಂಜಿಯೂ ಸೇರಿತು.

ಕೈಯ ಕೆಲಸ ಶುರುವಾದ ನಾಲ್ಕನೆಯ ವಾರ ನಿಂಬೆಹಣ್ಣು ನಿಂತಿತು. ಮರುಸಲ ಹೋದಾಗ ಅವರು ಬಲಗೈಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟರು. ಕೆಳಗೆ ನೀಲವ್ವನ ಕೈ ಇತ್ತು, ಲಿಂಗ ಉರುಳಲಿಲ್ಲ. ಪೂಜೆ ಬಹಳ ಹೊತ್ತು ನಡೆಯಿತು. ನನಗೆ ಸಂತೋಷ ಎಂದು ಹೇಳುವಂಥದ್ದೇನೂ ಆಗಲಿಲ್ಲ. ನೋಡುತ್ತ ಕುಳಿತಿದ್ದೆ.

ಆಮೇಲೆ ಅವರು ಒಂದೂವರೆ ರೊಟ್ಟಿ ಉಂಡರು. “ಪಲ್ಯೆಕ್ಕ ಉಪ್ಪು ಕಡಿಮಿ ಆಗೇತಿ,” ಎಂದರು. ಬೈಸಿಕೊಂಡ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು.

ಗಂಗವ್ವನವರು ಕೊನೆಯವರೆಗೂ ನಡೆಯಲಿಲ್ಲ. ಮುಂದಿನ ಮಳೆಗಾಲದವರೆಗೆ ದಿನವೂ ಪೂಜಿಸಿ ಉಂಡರು. ಯಜಮಾನರ ಪ್ರಬಂಧದಲ್ಲಿ ಅವರ ಲೆಕ್ಕವಿಲ್ಲ. ಆದರೆ ಹೊಸ ವಹಿಯ ಪ್ರತಿ ಪುಟದಲ್ಲೂ ಇವರು ಮೊದಲು ಬರೆಯುತ್ತಿದ್ದುದು, ರೋಗಿಗೆ ಮತ್ತೆ ಏನು ಮಾಡಬೇಕೆಂದಿದೆ ಎಂಬುದನ್ನು. ಸೋತ ಅಂಗವನ್ನು ಅಳೆಯುವ ಮೊದಲು ಅದನ್ನು ಕೇಳಬೇಕು, ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದನ್ನು ಕೇಳಲು ನಾವು ಮೂರು ವಾರ ತೆಗೆದುಕೊಂಡೆವು. ಆ ಮೂರು ವಾರ ಗಂಗವ್ವನವರು ಹಸಿದಿದ್ದರು.