ಸಪ್ಪಳದ ಬಗ್ಗೆ ಒಂದು ಸಭೆ

ಜಮಖಂಡಿಯ ಕಾಲೇಜೊಂದರಲ್ಲಿ ಆಟಿಸಂ ಸಂಶೋಧಕರ ಸಮ್ಮೇಳನ ನಡೆದಾಗ, ಸಪ್ಪಳ ತಾಳಲಾರದವರ ಕುರಿತು ಆಸಕ್ತರ ಸಣ್ಣ ಸಭೆಯೊಂದನ್ನು ಕೂಡಿಸುವ ಕೆಲಸ ನನಗೆ ಬಂತು. ನಾನು ಮಕ್ಕಳಿಗೆ ಮಾತು ಕಲಿಸುವವಳು. ಶಾಂತವಾದ ಕೋಣೆ ಬೇಕೆಂದು ಮೂರು ಸಲ ಬರೆದುಕೊಟ್ಟಿದ್ದೆ. ವ್ಯವಸ್ಥಾಪಕರು ಕೊಟ್ಟದ್ದು ಊಟದ ಹಾಲಿಗೆ ಅಂಟಿಕೊಂಡ ಕೋಣೆ. ಸ್ಟೀಲ್ ತಾಟುಗಳ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ.

ಅಂದು ಮಾತಾಡಬೇಕಿದ್ದವಳು ರಬಕವಿಯ ಒಬ್ಬ ಯುವತಿ. ಆಟಿಸಂ ಇದ್ದ ಆಕೆ ಮನೆಯ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಂತುಬಿಟ್ಟಳು.

ವ್ಯವಸ್ಥಾಪಕರ ಹತ್ತಿರ ಓಡಿದೆ.

“ಒಂದ ತಾಸಿನ ಮಾತ್ರೀ ಅಕ್ಕಾರ, ಸ್ವಲ್ಪ ಹೊಂದ್ಕೋರಿ,” ಎಂದರು.

ನನಗೆ ತಲೆ ಕೆಟ್ಟಿತು. “ಹೊಂದ್ಕೊಳ್ಳಾಕ ಆಗದವರ ಸಲುವಾಗೇ ಈ ಸಭಾ ಇಟ್ಟೇವ್ರಿ!”

ಕೊನೆಗೆ ಬಂದಿದ್ದ ಏಳೆಂಟು ಮಂದಿಯನ್ನು ಹೊರಗೆ ನಿಂತಿದ್ದ ಕಾಲೇಜು ಬಸ್ಸಿಗೆ ಹತ್ತಿಸಿ ಕಿಟಕಿ ಮುಚ್ಚಿಸಿದೆ. ಆಕೆ ಕಿವಿಯಿಂದ ಕೈ ತೆಗೆದಳು.

“ಮಗ್ಗದ ಸಪ್ಪಳ ಹೆಂಗ ತಾಳ್ತೀರಿ?” ಎಂದು ಸಂಶೋಧಕರೊಬ್ಬರು ಕೇಳಿದರು.

“ಅದನ್ನ ನಾನ ಮಾಡೂದು. ಯಾವಾಗ ಬರತೈತಿ ಅಂತ ನನಗ ಗೊತ್ತಿರತೈತಿ,” ಎಂದಳು.

ಎಲ್ಲರೂ ಬರೆದುಕೊಳ್ಳತೊಡಗಿದ್ದರು. ಅಷ್ಟರಲ್ಲಿ ವ್ಯವಸ್ಥಾಪಕರು ಬಂದು ಬಸ್ಸಿನ ಗಾಜನ್ನು ದಬದಬ ಬಡಿದರು. ಗ್ರೂಪ್ ಫೋಟೋ ತೆಗೆಸಬೇಕಂತೆ. ಆಕೆ ಬೆಚ್ಚಿ ಮತ್ತೆ ಕಿವಿ ಮುಚ್ಚಿದಳು. ನಾನು ಬಾಗಿಲು ತೆರೆಯಲೇ ಇಲ್ಲ.