ಗಜನಿಗೆ ಉಪ್ಪುನೀರು ನುಗ್ಗಿದ ವಾರ

ಮಳೆಗಾಲದಲ್ಲಿ ಬೆಳಗಾದರೆ ನನ್ನ ಮೊದಲ ಕೆಲಸ ಮಳೆಮಾಪಕಕ್ಕೆ ಮುಖ ತೋರಿಸುವುದು. ಅಂಕೋಲೆಯ ನಮ್ಮ ಕಚೇರಿಯ ಹಿಂದೆ ತಂತಿಬೇಲಿಯೊಳಗೆ ಅದು ನಿಂತಿತ್ತು. ರಾತ್ರಿ ಬಿದ್ದ ನೀರನ್ನು ಗಾಜಿನ ಅಳತೆಪಾತ್ರೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಕಾರವಾರದ ಮೇಲಿನ ಕಚೇರಿಗೆ ಫೋನಿನಲ್ಲಿ ಹೇಳಬೇಕು. ಫೋನು ಸತ್ತಿದ್ದರೆ ಬಸ್ಸು ಹಿಡಿಯಬೇಕು. ದಾರಿಯಲ್ಲಿ ಅರ್ಗಾದ ಹತ್ತಿರ ನೌಕಾನೆಲೆಯ ಗೋಡೆ ಮುಗಿಯುವುದೇ ಇಲ್ಲ ಅನ್ನಿಸುತ್ತಿತ್ತು. ಚೀಲದಲ್ಲಿ ಇದ್ದದ್ದು ಒಂದು ಅಂಕಿ ಮಾತ್ರ. ಆದರೂ ನಾನು ಕಿಟಕಿಯ ಪಕ್ಕ ಬಹಳ ಠೀವಿಯಿಂದ ಕೂತಿರುತ್ತಿದ್ದೆ.

ಠೀವಿ ಯಾಕಿರಬಾರದು? ಬೇಲೆಕೇರಿಯ ನಮ್ಮ ಕೇರಿಯಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಬೇರೆಯವರ ದೋಣಿಯಲ್ಲಿ ಖಲಾಸಿ. ಆಯಿ ಮೀನಿನ ಬುಟ್ಟಿ ಹೊತ್ತು ಬೊಬ್ರುವಾಡದ ಮನೆಮನೆ ತಿರುಗುವವಳು. ನಾನು ಕೃಷಿ ಓದಲು ಧಾರವಾಡಕ್ಕೆ ಹೊರಟಾಗ ಅಪ್ಪ, “ಅಲ್ಲಿ ಮೀನಿಗೆ ಗೊಬ್ಬರ ಹಾಕೂದು ಕಲಿಸ್ತಾರನೇ?” ಎಂದು ಕೇಳಿದ್ದ. ತಮಾಷೆಗೇ ಕೇಳಿದ್ದು, ಆದರೆ ಒಳಗೆ ನಿಜವಾದ ದಿಗಿಲೂ ಇತ್ತು. ಅಂಗೈಯಗಲ ಗದ್ದೆಯಿಲ್ಲದ ಮನೆಯ ಹುಡುಗಿ ಗದ್ದೆಯನ್ನೇ ಓದಲು ಹೊರಟಿದ್ದಳು. ಭತ್ತದ ಕೆಸರಿಗೆ ನಾನು ಮೊದಲು ಕಾಲಿಟ್ಟದ್ದು ಕಾಲೇಜಿನಲ್ಲೇ.

ಕೆಲಸ ಸಿಕ್ಕಿದ್ದು ಊರಿನ ತಾಲೂಕಿನಲ್ಲಿ. ಎರಡು ಸಾವಿರದ ನಂತರದ ವರ್ಷಗಳು ಅವು. ಬೇಲೆಕೇರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು, ಹೆದ್ದಾರಿಯ ಪಕ್ಕದ ಗಿಡಗಳ ಎಲೆಗಳೆಲ್ಲ ಕೆಂಪಗಾಗಿದ್ದವು. ಮಳೆಯ ಲೆಕ್ಕದ ಜೊತೆಗೆ ವಾರಕ್ಕೊಮ್ಮೆ ಬೆಳೆಯ ಸ್ಥಿತಿಯ ವರದಿಯನ್ನೂ ಕಳಿಸಬೇಕಿತ್ತು. ಎಲ್ಲಿ ಬಿತ್ತನೆಯಾಯಿತು, ಪೈರು ಎಷ್ಟು ಬೆಳೆಯಿತು, ರೋಗವೋ ಹುಳವೋ, ಕೊನೆಗೆ ಒಂದು ಮಾತು: ಉತ್ತಮ, ಸಾಧಾರಣ, ಇಲ್ಲವೇ ಕಳಪೆ. ನಾನು ಸೇರಿದ ಹೊಸತರಲ್ಲಿ ಈ ಕೆಲಸ ಚಹದಂಗಡಿಯಲ್ಲಿ ಮುಗಿಯುತ್ತಿತ್ತು. ಹೋದ ವಾರದ ಮಾತನ್ನೇ ಈ ವಾರವೂ ಬರೆದರೆ ಕೇಳುವವರಿರಲಿಲ್ಲ.

ಅದನ್ನು ನಿಲ್ಲಿಸಿದವರು ನಮ್ಮ ಅಧಿಕಾರಿ. ಧಾರವಾಡದ ಕಡೆಯ ಹೆಂಗಸು, ಜೋಳದ ಹೊಲದವರ ಮಗಳು, ಅಂಕೋಲೆಗೆ ಬರುವ ಮುಂಚೆ ಕಡಲನ್ನು ಕಂಡವರಲ್ಲ. ಅವರ ಕಟ್ಟಳೆ ಒಂದೇ, ರಸ್ತೆಯ ಮೇಲೆ ನಿಂತು ಗದ್ದೆ ನೋಡಬಾರದು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ಅಂಚು ಬಿಟ್ಟು ಗದ್ದೆಯ ನಟ್ಟನಡುವಿಗೆ ಹೋಗುವರು. ಅಲ್ಲಿಯ ಒಂದು ಸಸಿ ಕಿತ್ತು, ಹೆಬ್ಬೆರಳ ಉಗುರಿನಿಂದ ಕಾಂಡ ಸೀಳಿ, ಒಳಗಿನ ಎಳೆಸುಳಿ ನೋಡುವರು. “ನಮ್ಮ ಈ ಒಂದು ಮಾತು ಕಾರವಾರಕ್ಕ ಹೋಗ್ತದ, ಬೆಂಗಳೂರಿಗೆ ಹೋಗ್ತದ, ದಿಲ್ಲಿಗೆ ಮುಟ್ಟತದ. ದೇಶದ ಊಟದ ಲೆಕ್ಕಾ ಇದರ ಮ್ಯಾಲೇ ನಡೀತದವಾ” ಎನ್ನುತ್ತಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ನಾನು ಮೊಣಕಾಲುದ್ದ ಕೆಸರಿನಲ್ಲಿ ನಿಂತಿರುವ ಅದೇ ಹೊತ್ತಿಗೆ ಪಂಜಾಬಿನಲ್ಲೋ ಒಡಿಶಾದಲ್ಲೋ ನನ್ನಂಥವರೇ ಯಾರೋ ನಿಂತು ಒಂದು ಸಸಿಯನ್ನು ಸೀಳುತ್ತಿರುತ್ತಾರೆ, ಅವರ ಮಾತೂ ನನ್ನ ಮಾತೂ ಎಲ್ಲೋ ಒಂದು ಕಡೆ ಹೋಗಿ ಕೂಡುತ್ತವೆ ಎಂದು ನೆನೆದರೆ ಬೆನ್ನು ನೆಟ್ಟಗಾಗುತ್ತಿತ್ತು.

ಅವರಿಗೆ ನಮ್ಮ ಗಜನಿ ಹೊಸದು. ಗಜನಿಯೆಂದರೆ ಅಳಿವೆಯ ಹತ್ತಿರದ ತಗ್ಗು ಗದ್ದೆ. ಸುತ್ತ ಮಣ್ಣಿನ ದಂಡೆ, ದಂಡೆಗೆ ಒಂದು ಬಾಯಿ, ಬಾಯಿಗೆ ಹಲಗೆ. ಹಲಗೆ ಎತ್ತಿದರೆ ಕಡಲಿನ ಉಬ್ಬರ, ನಾವು ಭರತಿ ಎನ್ನುತ್ತೇವೆ, ಒಳಗೆ ಬರುತ್ತದೆ. ಮಳೆಗಾಲದಲ್ಲಿ ಹಲಗೆ ಇಳಿಸಿ, ಮಳೆಯ ನೀರಿನಿಂದ ಉಪ್ಪು ತೊಳೆದು ಕಗ್ಗ ಬೆಳೆಯುತ್ತಾರೆ. ಕಗ್ಗ ಸ್ವಲ್ಪ ಉಪ್ಪನ್ನೂ ತಡೆಯುವ ಎತ್ತರದ ಕೆಂಪು ಭತ್ತ. ಕೊಯ್ಲು ಮುಗಿದ ಮೇಲೆ ಹಲಗೆ ಎತ್ತಿದರೆ ಅದೇ ನೆಲದಲ್ಲಿ ಸಿಗಡಿ. ಒಬ್ಬೊಬ್ಬರಿಗೂ ಒಂದೊಂದು ಪಾಲಿದ್ದರೂ ಬಾಯಿ ಒಂದೇ. ಅದನ್ನು ಕಾಯುವುದು ಸರದಿಯ ಮೇಲೆ.

ನಾನು ಹೇಳಹೊರಟ ಗಜನಿ ಬೇಲೆಕೇರಿಯಿಂದ ಒಳಗಿನದು. ಸುತ್ತಲಿನ ಗಜನಿಗಳೆಲ್ಲ ಆಗಲೇ ಕಗ್ಗ ಬಿಟ್ಟು ವರ್ಷವಿಡೀ ಸಿಗಡಿಗೆ ಹೋಗಿದ್ದವು. ಇಲ್ಲಿ ಮಾತ್ರ ಕಗ್ಗದ ಬೀಜ ಉಳಿದಿತ್ತು. ಅದನ್ನು ಉಳಿಸಿದವಳು ಎಲ್ಲರೂ ದೊಡ್ಡಾಯಿ ಎನ್ನುತ್ತಿದ್ದ ಒಬ್ಬ ವಿಧವೆ. ಇದ್ದ ಬೀಜವನ್ನೆಲ್ಲ ಆ ವರ್ಷ ಅವಳು ಬಿತ್ತಲು ಹಂಚಿದ್ದಳು. ಮನೆಯಲ್ಲಿ ಒಂದು ಹಿಡಿಯೂ ಇರಲಿಲ್ಲ. ಈ ಬೆಳೆ ಹೋದರೆ ಬೀಜವೇ ಹೋಯಿತು.

ಆ ಸಲ ನೂಲ ಹುಣ್ಣಿಮೆಯ ಹಿಂದಿನ ವಾರ ಚೆನ್ನಾಗಿ ಮಳೆ ಹೊಯ್ದು ಗಜನಿ ತುಂಬಿತ್ತು. ಹುಣ್ಣಿಮೆಯ ಬೆಳಿಗ್ಗೆ ಇಳಿತದ ಹೊತ್ತಿಗೆ ಹೆಚ್ಚಿನ ನೀರು ಹೊರಗೆ ಬಿಡಲು ಹಲಗೆ ಎತ್ತಿದರು. ಸರದಿ ದೊಡ್ಡಾಯಿಯ ಮೈದುನನದು. ಭರತಿ ಬರುವ ಮುಂಚೆ ಅದನ್ನು ಇಳಿಸಬೇಕಿತ್ತು. ಆದರೆ ಅವತ್ತು ಕಡಲಿಗೆ ತೆಂಗಿನಕಾಯಿ ಕೊಡುವ ದಿನ. ಗಜನಿಯ ಪಾಲುದಾರರಲ್ಲಿ ಅರ್ಧ ಜನ ದೋಣಿಗೂ ಹೋಗುವವರು. ಕಾಯಿ ಬಿಟ್ಟು, ಕೈಮುಗಿದು, ಈ ವರ್ಷ ಯಾರ ಬಲೆ ಹೇಗೆ ಎಂದು ಮಾತಾಡುತ್ತ ನಿಂತವರಲ್ಲಿ ಮೈದುನನೂ ಒಬ್ಬ. ಅವರೆಲ್ಲ ಕಡಲದಂಡೆಯ ಮೇಲೆ ನಿಂತು ಪೂಜೆ ಮಾಡುತ್ತಿದ್ದ ಕಡಲೇ ಹಿಂದಿನಿಂದ ಅವರ ಗದ್ದೆಗೆ ಹೊಕ್ಕಿತ್ತು.

ಹುಣ್ಣಿಮೆ ಕಳೆದು ಮೂರನೆಯ ದಿನ ನಾವು ಹೋದಾಗ ಹಲಗೆ ಇನ್ನೂ ಎತ್ತಿಯೇ ಇತ್ತು. ಭರತಿ ಬರುತ್ತಿತ್ತು, ಹೋಗುತ್ತಿತ್ತು. ಪೈರಿನ ತುದಿಗಳು ಸುಣ್ಣ ಬಳಿದ ಹಾಗೆ ಬಿಳುಪಾಗಿದ್ದವು. ಪಾಲುದಾರರು ದಂಡೆಯ ಮೇಲೆ ಕೂತು ಜಗಳವಾಡಿ ದಣಿದಿದ್ದರು. ಕೊಯ್ಲಿನ ಮೇಲೆ ಗಜನಿ ಹಿಡಿಯುವ ಸಿಗಡಿಯ ಗುತ್ತಿಗೆದಾರ ಹಿಂದಿನ ದಿನವೇ ಬಂದು, ಬೆಳೆ ಹೇಗೂ ಸತ್ತಿದೆ, ಹಲಗೆ ಹಾಗೇ ಇರಲಿ, ಸಿಗಡಿಮರಿ ಈಗಿನಿಂದಲೇ ಒಳಗೆ ಬರಲಿ ಎಂದು ಹೇಳಿ ಹೋಗಿದ್ದನಂತೆ. ಹೆಚ್ಚಿನವರಿಗೂ ಅದೇ ಸರಿ ಅನ್ನಿಸಿತ್ತು. ಬೇಡ ಎಂದವಳು ದೊಡ್ಡಾಯಿ ಒಬ್ಬಳೇ.

ಮೈದುನ ಎದ್ದು ಬಂದು ನಮ್ಮ ಅಧಿಕಾರಿಗೆ ಕೈಮುಗಿದ. “ಅಕ್ಕೋರೇ, ಮಳೆ ಹೆಚ್ಚಾಗಿ ಬೆಳೆ ಸತ್ತುಹೋಯ್ತು ಅಂತ ಬರೀರಿ. ಎಲ್ಲ ಮುಗೀತದೆ.”

ದೊಡ್ಡಾಯಿ ಕೂತಲ್ಲಿಂದಲೇ ಹೇಳಿದಳು. “ಹೌದು ತಮಾ. ಈ ವರ್ಷದ ಮಳೆ ಉಪ್ಪುಪ್ಪು.”

ಯಾರೋ ನಕ್ಕರು. ಅವನ ಮುಖ ಸಣ್ಣದಾಯಿತು. ಹುಣ್ಣಿಮೆಯ ದಿನ ಮಳೆಮಾಪಕದಲ್ಲಿ ನೀರೇ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳಲು ಬಾಯಿ ತೆರೆದೆ. ಅಧಿಕಾರಿ ನನ್ನ ಮೊಣಕೈ ಮುಟ್ಟಿ ಸುಮ್ಮನಿರಿಸಿದರು. ಚಪ್ಪಲಿ ಬಿಟ್ಟರು, ಸೀರೆ ಕಟ್ಟಿದರು, ಮೈದುನನನ್ನೇ ಕರೆದುಕೊಂಡು ನೀರಿಗಿಳಿದರು. ನಾನೂ ಹಿಂದೆ ಹೋದೆ.

ಬಾಯಿಯ ಹತ್ತಿರದ ಸಸಿಗಳನ್ನು ಸೀಳಿದರೆ ಒಳಗೆ ಕಂದು, ಕೊಳೆತ ವಾಸನೆ. ನಡುವಿಗೆ ಹೋದಂತೆ ಒಂದು ಸತ್ತಿದೆ, ಒಂದು ಇದೆ. ಅದಕ್ಕೂ ಆಚೆ, ದೊಡ್ಡಾಯಿಯ ಪಾಲು ಇರುವಲ್ಲಿ, ಅಧಿಕಾರಿ ತಾವು ಸೀಳಲಿಲ್ಲ. ಸಸಿ ಕಿತ್ತು ಅವನ ಕೈಗೆ ಕೊಟ್ಟರು. ಅವನು ಉಗುರಿನಿಂದ ಬಿಡಿಸಿದ. ಹೊರಗಿನ ಎಲೆಯೆಲ್ಲ ಸುಟ್ಟು, ಒಳಗೆ ಬೆಳ್ಳುಳ್ಳಿಯ ಮೊಳಕೆಯಂಥ ತಿಳಿಹಸಿರು ಸುಳಿ. ಇನ್ನೊಂದು ಕಿತ್ತ, ಮತ್ತೊಂದು ಕಿತ್ತ. ನಾಲ್ಕನೆಯದಕ್ಕೆ ಕೈ ಹಾಕಿದಾಗ ಅಧಿಕಾರಿ, “ಸಾಕು, ಇದ್ದದ್ದನ್ನೂ ನೀವ ಕಿತ್ತು ಮುಗಸಬ್ಯಾಡ್ರಿ” ಎಂದರು. ಅವನು ಮೊದಲ ಸಲ ನಕ್ಕ.

ವಾಪಸು ಬರುವಾಗ ಭರತಿಯ ವಿಷಯ ನನ್ನನ್ನು ಕೇಳಿದರು. ಅದು ನನ್ನ ಮನೆಯ ಪಾಠ, ಧಾರವಾಡದ್ದಲ್ಲ. ಹುಣ್ಣಿಮೆಯ ಜೋರು ಇನ್ನು ಇಳಿಯುತ್ತ ಹೋಗುತ್ತದೆ, ಅಷ್ಟಮಿಗೆ ಭರತಿ ತೀರಾ ಸಪ್ಪೆ, ದಂಡೆಗೆ ಹೊರೆ ಇರುವುದಿಲ್ಲ, ಇವತ್ತಿನ ಇಳಿತದಲ್ಲಿ ಉಪ್ಪುನೀರು ಪೂರ್ತಿ ಹೊರಗೆ ಬಿಟ್ಟು ಹಲಗೆ ಇಳಿಸಿದರೆ ಮಣ್ಣಿನಲ್ಲಿ ಉಳಿದ ಉಪ್ಪನ್ನು ಮಳೆ ತೊಳೆದೀತು ಎಂದೆ. ಮಳೆ ಬರಬೇಕಲ್ಲ ಎಂದರು. ಬರಬೇಕು ಎಂದೆ. ನಮ್ಮಿಬ್ಬರ ಪದವಿಗಳೂ ಅಲ್ಲಿಗೆ ಮುಗಿದವು.

ದಂಡೆ ಹತ್ತಿ ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆ ಮಾತಿಗೆ ನಾನು ಇವತ್ತಿಗೂ ತಲೆಬಾಗುತ್ತೇನೆ.

“ಹಲಗಿ ಯಾರು ಎತ್ತಿದ್ರು ಅಂತ ನಾ ಕೇಳಂಗಿಲ್ಲ. ಈಗ ಯಾರು ಇಳಸ್ತೀರಿ, ಅದನ್ನ ಹೇಳ್ರಿ.”

ಮೈದುನ ಪಂಚೆ ಎತ್ತಿ ಕಟ್ಟಿ ಬಾಯಿಯ ಕಡೆ ನಡೆದ. ಅಷ್ಟಮಿಯವರೆಗೆ ನೋಡುವಾ, ಅಷ್ಟರಲ್ಲಿ ಸುಳಿ ಸತ್ತರೆ ಗುತ್ತಿಗೆದಾರನ ಮಾತೇ ಆಗಲಿ ಎಂದು ಉಳಿದವರೂ ಒಪ್ಪಿದರು. ಸಂಜೆಯ ಇಳಿತ ಮುಗಿಯುವವರೆಗೆ ಕಾದು, ಗಜನಿ ಬರಿದಾದ ಮೇಲೆ ಹಲಗೆ ಇಳಿಸಿ ಸಂದಿಗೆ ಜೇಡಿಮಣ್ಣು ಮೆತ್ತಿದರು.

ವರದಿಯಲ್ಲಿ ಅಧಿಕಾರಿ ಬರೆಸಿದ್ದು ಹೀಗೆ: ಉಪ್ಪುನೀರು ನುಗ್ಗಿದೆ, ಭಾಗಶಃ ಹಾನಿ, ಉಳಿದದ್ದು ಚೇತರಿಸುವ ಸಾಧ್ಯತೆ. ಕಾರವಾರದಿಂದ ಫೋನು ಬಂತು, ಇಷ್ಟುದ್ದ ಬೇಡ, ಒಂದೇ ಮಾತು ಸಾಕು ಅಂತ. “ಹೊಲದಾಗ ಎರಡು ಮಾತು ಅದಾವ್ರಿ ಸಾಹೇಬ್ರ, ಒಂದು ಹೆಂಗ ಬರೀಲಿ?” ಎಂದು ಕೇಳಿ ಇವರೇ ಫೋನು ಇಟ್ಟರು. ವಾಕ್ಯ ಹಾಗೇ ಮುಂದೆ ಹೋಯಿತು.

ಮಳೆ ಬರಲಿಲ್ಲ. ಶ್ರಾವಣದ ಬಿಸಿಲು ಚುರುಚುರು ಕಾಯಿತು. ಬರಿದಾದ ಗಜನಿಯ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕಾಣತೊಡಗಿತು. ಬೆಳಿಗ್ಗೆ ಮಳೆಮಾಪಕ ತೆರೆದರೆ ತಳದಲ್ಲಿ ಒಂದು ಇರುವೆ. ದಿನಾ ಸಂಜೆ ನಾನೂ ಅಧಿಕಾರಿಯೂ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆವು. ರಜೆಯ ದಿನವೂ ಅವರು ತಪ್ಪಿಸಲಿಲ್ಲ. ಹೋಗಿ ಮಾಡುವುದೇನೂ ಇರಲಿಲ್ಲ. ಕಾಯಿರಿ ಎಂದು ಹೇಳಿ ತಾವು ಮನೆಯಲ್ಲಿ ಕೂರುವುದು ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ.

ಒಂದು ಸಂಜೆ ನಾನು ಹವಾಮಾನದ ಮುನ್ಸೂಚನೆಯನ್ನು ಓದಿ ಹೇಳಿದೆ. ಕರಾವಳಿಯ ಕೆಲವೆಡೆ ಮಳೆಯಾಗುವ ಸಾಧ್ಯತೆ ಎಂದಿತ್ತು. ದೊಡ್ಡಾಯಿ ಎಲೆಯಡಿಕೆ ಉಗುಳಿ ಬಂದು ಕೇಳಿದಳು:

“ಆ ಕೆಲವೆಡೆಲಿ ನಮ್ಮ ಗಜನಿ ಅದ್ಯನೇ ತಂಗಿ?”

ಹೌದು ಎನ್ನಬಹುದಿತ್ತು. ಅವಳು ಅದನ್ನೇ ಬಯಸಿದ್ದಳು. “ಗೊತ್ತಿಲ್ಲ ದೊಡ್ಡಾಯಿ” ಎಂದೆ. “ಇದ್ರೂ ಇರೂದು, ಇಲ್ದೇನೂ ಇರೂದು.”

“ಓದಿದವ್ರ ಬಾಯಲ್ಲಿ ಗೊತ್ತಿಲ್ಲ ಅಂತ ನಾ ಕೇಳೂದು ಇವತ್ತೇ” ಎಂದಳು. ಮೆಚ್ಚಿ ಹೇಳಿದಳೋ ಚುಚ್ಚಿ ಹೇಳಿದಳೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಹೋಗುವಾಗ ನನ್ನ ಚೀಲಕ್ಕೆ ಎರಡು ಸೌತೆಕಾಯಿ ಹಾಕಿದಳು.

ಅಷ್ಟಮಿಯ ಹಿಂದಿನ ದಿನ ಬೆಳಿಗ್ಗೆ ಗಾಳಿ ತಿರುಗಿತು. ಕಚೇರಿಗೆ ಹೊರಟವಳು ಕೊಡೆ ಬಿಚ್ಚುವಷ್ಟರಲ್ಲಿ ತೊಯ್ದು ತೊಪ್ಪೆಯಾದೆ. ಆದರೂ ಒಂದು ಅಳುಕು. ಅಂಕೋಲೆಯಲ್ಲಿ ಹೊಯ್ದ ಮಳೆ ಬೇಲೆಕೇರಿಯ ದಾರಿಯಲ್ಲಿ ಇಲ್ಲದೆ ಇರುವುದು ನಮ್ಮ ಕಡೆ ಹೊಸದಲ್ಲ. ನಾವಿಬ್ಬರೂ ಬಸ್ಸಿಗೆ ಕಾಯದೆ ಅದಿರು ಇಳಿಸಲು ಹೊರಟಿದ್ದ ಲಾರಿಗೆ ಕೈ ಮಾಡಿ ಹತ್ತಿದೆವು. ಹೋಗಿ ನೋಡಿದರೆ ಗಜನಿಯಲ್ಲಿ ಕೆಂಪುನೀರು ಏರುತ್ತಿದೆ, ಮೈದುನ ಕಂಬಳಿಕೊಪ್ಪೆ ಹೊದ್ದು ಬಾಯಿಯ ಹತ್ತಿರವೇ ಕೂತಿದ್ದಾನೆ. ಇಳಿತಕ್ಕೆ ಸರಿಯಾಗಿ ಹಲಗೆ ಎತ್ತಿ ಉಪ್ಪು ತೊಳೆದ ನೀರನ್ನು ಹೊರಗೆ ಬಿಟ್ಟ, ಭರತಿಗೆ ಮುಂಚೆ ಇಳಿಸಿದ. ಮರುದಿನವೂ ಮಳೆ, ಮರುದಿನವೂ ಅವನೇ. ಸರದಿ ಬೇರೆಯವರದಾದರೂ ಅವನು ಏಳಲಿಲ್ಲ. ಅತ್ತಿಗೆ ಗಂಜಿ ತಂದು ಅವನ ಪಕ್ಕ ಇಟ್ಟು ವಾಪಸು ಹೋಗುವುದನ್ನು ನಾನು ನೋಡಿದೆ.

ಹೊಸ ಎಲೆ ಹಳೆಯ ಸುಟ್ಟ ಎಲೆಗಳ ನಡುವಿನಿಂದ ಸೂಜಿಯ ಹಾಗೆ ಬಂತು. ನಾನು ಆ ವಾರ “ಸಾಧಾರಣ” ಎಂದು ಬರೆದೆ. ಎಷ್ಟೋ ಸಲ “ಉತ್ತಮ” ಎಂದು ಬರೆದಿದ್ದೇನೆ, ಆದರೆ ಅಷ್ಟು ಖುಷಿಯಿಂದ ಬರೆದ ಮಾತು ಇನ್ನೊಂದಿಲ್ಲ.

ಬಾಯಿಯ ಹತ್ತಿರದ ಪಾಲುಗಳಲ್ಲಿ ಏನೂ ಬರಲಿಲ್ಲ. ಅದರಲ್ಲಿ ಮೈದುನನದೂ ಇತ್ತು. ನಡುವಿನದರಲ್ಲಿ ಅರೆಬರೆ, ದೊಡ್ಡಾಯಿಯದರಲ್ಲಿ ಒಳ್ಳೆಯ ತೆನೆ. ಹೆಂಗಸರು ತೊಡೆಮಟ್ಟದ ನೀರಿನಲ್ಲಿ ನಿಂತು ಹುಲ್ಲು ಅಲ್ಲೇ ಬಿಟ್ಟು ಬರೀ ತೆನೆ ಕೊಯ್ದರು. ಅಧಿಕಾರಿಯೂ ಇಳಿದು ಒಂದು ಮಡಿಲು ಕೊಯ್ದರು. ಗುತ್ತಿಗೆದಾರ ಗೊಣಗುತ್ತ ಬಂದು, ವಾಡಿಕೆಯ ಹೊತ್ತಿಗೇ ಗಜನಿ ಹಿಡಿದ.

ಮುಂದಿನ ಬಿತ್ತನೆಗೆ ಮುಂಚೆ ದೊಡ್ಡಾಯಿಯ ಅಂಗಳದಲ್ಲಿ ಪಾಲುದಾರರು ಬುಟ್ಟಿ ಹಿಡಿದು ಸೇರಿದ್ದರು. ಎಷ್ಟು ಜಾಗಕ್ಕೆ ಬಿತ್ತನೆಯಾಗುತ್ತದೆ ಎಂದು ಕೇಳಿಕೊಳ್ಳಲು ನಾನೂ ಹೋಗಿದ್ದೆ. ಮೈದುನ ಎಲ್ಲರಿಗಿಂತ ಹಿಂದೆ, ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ದೊಡ್ಡಾಯಿ ಮೊರ ತುಂಬಿಕೊಂಡು ಹೊರಗೆ ಬಂದವಳು ಮುಂದಿದ್ದವರನ್ನೆಲ್ಲ ದಾಟಿ ಅವನ ಮುಂದೆ ಹೋಗಿ ನಿಂತಳು.

“ಬುಟ್ಟಿ ಹಿಡಿ ತಮಾ. ನಿಂದು ತುಂಬಿದ ಮೇಲೆ ಉಳಿದವ್ರದ್ದು.”

“ನಂದು ಬಾಯಿಗೆ ಹತ್ರದ ಪಾಲು ಅತ್ತಿಗೆ” ಎಂದ ಅವನು ನೆಲ ನೋಡುತ್ತ. “ಬಂದ್ರೆ ಬಂತು.”

“ಬರ್ತದೆ” ಎಂದಳು ಅವಳು, ಬೀಜ ಸುರಿಯುತ್ತ. “ಕಾಯೂವವ ಹತ್ರದಲ್ಲೇ ಇದ್ದಾನಲ್ಲ.”